ದುಡ್ಡೇ ದೊಡ್ಡಪ್ಪನಾ? ಬೇಸ್‌ಬಾಲ್‌ನ ಸಂಬಳದ ಜಗಳ ನಮಗೆ ಹೇಳುವುದೇನು

ಶ್ರೀಮಂತ ತಂಡಗಳೇ ಗೆಲ್ಲುತ್ತವೆ, ಹಾಗಾಗಿ ಆಟಗಾರರ ಸಂಬಳಕ್ಕೆ ಮಿತಿ ಹಾಕಬೇಕು ಎಂಬ ವಾದ ಅಮೆರಿಕದ ಬೇಸ್‌ಬಾಲ್‌ನಲ್ಲಿ ಮತ್ತೆ ಜೋರಾಗಿದೆ. 2026ರ ಡಿಸೆಂಬರ್ 1ಕ್ಕೆ ಮಾಲೀಕರು ಮತ್ತು ಆಟಗಾರರ ಯೂನಿಯನ್ ನಡುವಿನ ಒಪ್ಪಂದದ ಅವಧಿ ಮುಗಿಯುತ್ತದೆ. ಈ ವಾದದಲ್ಲಿ ನಿಜವೆಷ್ಟು, ಲಾಭ ಯಾರಿಗೆ?

2025ರ ಸೆಪ್ಟೆಂಬರ್ 28, ಮೇಜರ್ ಲೀಗ್ ಬೇಸ್‌ಬಾಲ್‌ನ ಲೀಗ್ ಹಂತದ ಕೊನೇ ದಿನ. ನ್ಯೂಯಾರ್ಕ್ ಮೆಟ್ಸ್ ತಂಡ ಮಯಾಮಿ ಮಾರ್ಲಿನ್ಸ್ ವಿರುದ್ಧ ಆಡುತ್ತಿತ್ತು. ಪ್ಲೇಆಫ್ ಜಾಗಕ್ಕೆ ಪೈಪೋಟಿಯಲ್ಲಿದ್ದ ಸಿನ್ಸಿನಾಟಿ ರೆಡ್ಸ್ ಅದೇ ದಿನ ಸೋತಿತು. ಅಂದ್ರೆ ಮೆಟ್ಸ್ ಒಂದು ಪಂದ್ಯ ಗೆದ್ದಿದ್ದರೆ ಸಾಕಿತ್ತು. ಗೆಲ್ಲಲಿಲ್ಲ. 4-0 ಅಂತರದಲ್ಲಿ ಸೋತು ಮನೆಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇದು ಸುದ್ದಿಯಾಗೋದಕ್ಕೆ ಕಾರಣ ದುಡ್ಡು. ಮೆಟ್ಸ್ ಮಾಲೀಕ ಸ್ಟೀವ್ ಕೋಹೆನ್ ಹೆಡ್ಜ್ ಫಂಡ್ ಕುಬೇರ. 2024ರ ಡಿಸೆಂಬರ್‌ನಲ್ಲಿ ಹುವಾನ್ ಸೊಟೊ ಎಂಬ ಒಬ್ಬನೇ ಆಟಗಾರನಿಗೆ ಅವರು 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಡಲು ಒಪ್ಪಿದ್ದರು. ಇಡೀ ತಂಡದ ಸಂಬಳ 30 ಕೋಟಿ ಡಾಲರ್ ದಾಟಿತ್ತು. ಎದುರಿಗಿದ್ದ ಮಾರ್ಲಿನ್ಸ್‌ನ ಸಂಬಳ ಸುಮಾರು 7 ಕೋಟಿ ಡಾಲರ್ ಆಸುಪಾಸು, ಲೀಗ್‌ನಲ್ಲೇ ತಳಮಟ್ಟ. ಸೀಸನ್ ಮುಗಿದಾಗ ಮೆಟ್ಸ್ ಗೆದ್ದದ್ದು 83 ಪಂದ್ಯ, ಮಾರ್ಲಿನ್ಸ್ ಗೆದ್ದದ್ದು 79. ನಾಲ್ಕು ಪಟ್ಟು ಸಂಬಳ ಕೊಟ್ಟವರಿಗೆ ಹೆಚ್ಚಿಗೆ ಸಿಕ್ಕಿದ್ದು ನಾಲ್ಕೇ ನಾಲ್ಕು ಗೆಲುವು.

ಹಾಗಾದ್ರೆ ದುಡ್ಡಿಗೆ ಬೆಲೆ ಇಲ್ಲ ಅಂತ ಬರೆದು ಮುಗಿಸಿಬಿಡಬಹುದಿತ್ತು. ಆದರೆ ಐದು ವಾರ ಕಳೆಯಿತು. ನವೆಂಬರ್ 1ರ ರಾತ್ರಿ, ನಮಗೆ ಭಾನುವಾರದ ಬೆಳಗ್ಗೆ, ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಟೊರಾಂಟೊವನ್ನು ಏಳನೇ ಪಂದ್ಯದ 11ನೇ ಇನ್ನಿಂಗ್ಸ್‌ನಲ್ಲಿ ಸೋಲಿಸಿ ಸತತ ಎರಡನೇ ಬಾರಿ ವರ್ಲ್ಡ್ ಸೀರೀಸ್ ಎತ್ತಿತು. 1998ರಿಂದ 2000ದವರೆಗೆ ನ್ಯೂಯಾರ್ಕ್ ಯಾಂಕೀಸ್ ಸತತ ಮೂರು ಬಾರಿ ಗೆದ್ದ ಮೇಲೆ ಯಾವ ತಂಡಕ್ಕೂ ಕಪ್ ಉಳಿಸಿಕೊಳ್ಳಲು ಆಗಿರಲಿಲ್ಲ. ಡಾಡ್ಜರ್ಸ್‌ನ ಸಂಬಳ ತೆರಿಗೆ ಲೆಕ್ಕದಲ್ಲಿ 40 ಕೋಟಿ ಡಾಲರ್ ದಾಟಿತ್ತು. ಅದರ ಮೇಲೆ ಲೀಗ್‌ಗೆ ಕಟ್ಟಬೇಕಾದ ಐಷಾರಾಮಿ ತೆರಿಗೆಯೇ ಸುಮಾರು 16.9 ಕೋಟಿ ಡಾಲರ್. ಮಾರ್ಲಿನ್ಸ್‌ನಂಥ ಎರಡು ತಂಡಗಳನ್ನು ಸಾಕಬಹುದಾದ ಮೊತ್ತವನ್ನು ಇವರು ದಂಡವಾಗಿ ಕಟ್ಟಿದ್ದಾರೆ.

ಒಂದೇ ವರ್ಷ, ಒಂದೇ ಲೀಗ್. ದುಡ್ಡು ಸೋತ ಕತೆಯೂ ಇಲ್ಲೇ ಇದೆ, ದುಡ್ಡು ಗೆದ್ದ ಕತೆಯೂ ಇಲ್ಲೇ ಇದೆ. ಯಾವುದನ್ನು ಎತ್ತಿ ತೋರಿಸುತ್ತೀರಿ ಅನ್ನೋದು ನೀವು ಯಾರ ಪರ ಅನ್ನೋದರ ಮೇಲೆ ನಿಂತಿದೆ. ಅದಕ್ಕೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

162 ಪಂದ್ಯಗಳ ಲೆಕ್ಕ

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. 30 ತಂಡಗಳಿವೆ. ಪ್ರತಿ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಅಮೆರಿಕದ ನಾಲ್ಕು ದೊಡ್ಡ ಲೀಗ್‌ಗಳಲ್ಲಿ ಆಟಗಾರರ ಒಟ್ಟು ಸಂಬಳಕ್ಕೆ ಮಿತಿ ಇಲ್ಲದಿರುವುದು ಇಲ್ಲಿ ಮಾತ್ರ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ಮೂರರಲ್ಲೂ ಮಿತಿ ಇದೆ. ಬೇಸ್‌ಬಾಲ್‌ನಲ್ಲಿ ಇರುವುದು ತೆರಿಗೆ ಮಾತ್ರ. 2025ರಲ್ಲಿ 24.1 ಕೋಟಿ ಡಾಲರ್ ದಾಟಿದ ತಂಡಗಳು ಅದನ್ನು ಕಟ್ಟಬೇಕಿತ್ತು. ಪದೇ ಪದೇ ದಾಟಿದರೆ, ತುಂಬಾ ದೂರ ದಾಟಿದರೆ, ಮೇಲಿನ ಹಂತದ ಪ್ರತಿ ಡಾಲರ್‌ಗೆ 1.10 ಡಾಲರ್ ತೆರಿಗೆ ಬೀಳುತ್ತದೆ.

ಈ ಆಟದಲ್ಲಿ ಅದೃಷ್ಟಕ್ಕೆ ದೊಡ್ಡ ಪಾಲಿದೆ. ಎಷ್ಟೇ ಬಲಿಷ್ಠ ತಂಡವಾದರೂ ನೂರಕ್ಕೆ ಅರವತ್ತು ಗೆದ್ದರೆ ಅದು ಭರ್ಜರಿ ಸೀಸನ್. ಒಂದು ಉದಾಹರಣೆ ತಗೊಳ್ಳಿ: ನಾಣ್ಯವನ್ನು 162 ಸಲ ಚಿಮ್ಮಿದರೆ 81 ಸಲ 'ತಲೆ' ಬೀಳಬೇಕು. ಆದರೆ ಬರೀ ಆಕಸ್ಮಿಕದಿಂದಲೇ ಅದು 70ಕ್ಕೂ ಇಳಿಯಬಹುದು, 90ಕ್ಕೂ ಏರಬಹುದು. 70 ಗೆದ್ದರೆ ಕೋಚ್ ಕೆಲಸ ಹೋಗುತ್ತದೆ, 90 ಗೆದ್ದರೆ ಪ್ಲೇಆಫ್. ಹಾಗಾಗಿ ಒಂದು ವರ್ಷದ ಪಟ್ಟಿ ಹಿಡಿದು 'ದುಡ್ಡು ಗೆಲ್ಲಿಸಿತು' ಅಥವಾ 'ದುಡ್ಡು ಸೋತಿತು' ಅನ್ನೋ ವಾದ ಎರಡೂ ಕಡೆಗೂ ದುರ್ಬಲವೇ.

ಹಲವು ವರ್ಷಗಳನ್ನು ಒಟ್ಟಿಗೆ ನೋಡಿದರೆ ಸಂಬಂಧ ಕಾಣುತ್ತದೆ. ಹೆಚ್ಚು ಕೊಡುವ ತಂಡಗಳು ಸರಾಸರಿಯಲ್ಲಿ ಹೆಚ್ಚು ಗೆಲ್ಲುತ್ತವೆ. ಆದರೆ ಯಾವುದು ಕಾರಣ, ಯಾವುದು ಪರಿಣಾಮ? ಅರ್ಥಶಾಸ್ತ್ರಜ್ಞರಾದ ಸ್ಟೀಫನ್ ಹಾಲ್, ಸ್ಟೆಫಾನ್ ಶಿಮಾನ್ಸ್ಕಿ ಮತ್ತು ಆಂಡ್ರ್ಯೂ ಜಿಂಬಾಲಿಸ್ಟ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆ ಕೇಳಿತ್ತು. 1980ರಿಂದ 2000ದವರೆಗಿನ ಬೇಸ್‌ಬಾಲ್ ಅಂಕಿಅಂಶಗಳನ್ನು ಇಂಗ್ಲಿಷ್ ಫುಟ್‌ಬಾಲ್ ಜೊತೆ ಹೋಲಿಸಿದರು. 90ರ ದಶಕದಲ್ಲಿ ಬೇಸ್‌ಬಾಲ್‌ನ ಸಂಬಳ-ಗೆಲುವಿನ ನಂಟು ಗಟ್ಟಿಯಾಗಿದ್ದು ನಿಜ. ಆದರೆ ಇಡೀ ಅವಧಿಯಲ್ಲಿ, ಸಂಬಳ ಮೊದಲು ಏರಿ ಅದರಿಂದ ಗೆಲುವು ಬಂತು ಅನ್ನುವುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಆ ವಾದವನ್ನು ತಳ್ಳಿಹಾಕಲು ಆಗಲಿಲ್ಲ.

ಇದು ಯಾಕೆ ಅಂತ ಊಹಿಸೋದು ಕಷ್ಟವಲ್ಲ. ಗೆದ್ದ ತಂಡದ ಆಟಗಾರರು ಮಾರನೇ ವರ್ಷ ಹೆಚ್ಚು ಸಂಬಳ ಕೇಳುತ್ತಾರೆ. ಗೆದ್ದ ತಂಡಕ್ಕೆ ಟಿಕೆಟ್ ಹೆಚ್ಚು ಮಾರಾಟವಾಗುತ್ತದೆ, ಆ ದುಡ್ಡಿನಿಂದ ಇನ್ನೊಬ್ಬ ತಾರೆ ಬರುತ್ತಾನೆ. ಗೆಲುವು ಸಂಬಳ ತರುತ್ತದೆ, ಸಂಬಳ ಗೆಲುವು ತರುತ್ತದೆ. ಕೋಳಿ ಮೊದಲಾ, ಮೊಟ್ಟೆ ಮೊದಲಾ ಅನ್ನುವ ಹಾಗೆ.

ಇನ್ನು ಒಂದೇ ದುಡ್ಡಲ್ಲಿ ಎಷ್ಟು ವ್ಯತ್ಯಾಸ ಆಗಬಹುದು ನೋಡಿ. 2025ರಲ್ಲಿ ಮಿಲ್ವಾಕಿ ಬ್ರೂಯರ್ಸ್ ಮತ್ತು ಕೊಲರಾಡೊ ರಾಕೀಸ್, ಎರಡೂ ತಂಡಗಳ ಸಂಬಳ ಸುಮಾರು 12 ಕೋಟಿ ಡಾಲರ್ ಆಸುಪಾಸಿನಲ್ಲಿತ್ತು. ಬ್ರೂಯರ್ಸ್ 97 ಪಂದ್ಯ ಗೆದ್ದು ಇಡೀ ಲೀಗ್‌ಗೇ ಮೊದಲಿಗರಾದರು. ರಾಕೀಸ್ 119 ಪಂದ್ಯ ಸೋತು ಕೊನೆಯಲ್ಲಿ ಬಿದ್ದರು. ಮೇಲಿನ ತುದಿಗೂ ಕೆಳಗಿನ ತುದಿಗೂ ಸಂಬಳ ಒಂದೇ. ಇದಕ್ಕೆ ಮಾಲೀಕನ ಜೇಬನ್ನು ಹೊಣೆ ಮಾಡಲು ಆಗೋದಿಲ್ಲ. ಯಾರನ್ನು ಹುಡುಕಿದ್ರು, ಹೇಗೆ ತರಬೇತಿ ಕೊಟ್ರು, ಯಾರನ್ನು ಯಾವಾಗ ಬಿಟ್ರು ಅನ್ನೋದೇ ಇಲ್ಲಿ ಉತ್ತರ. ನಮ್ಮ ಗಾದೆಯ ಅರ್ಧ ಭಾಗವನ್ನಷ್ಟೇ ಎಲ್ಲರೂ ಹೇಳೋದು. ದುಡ್ಡೇ ದೊಡ್ಡಪ್ಪ ನಿಜ, ಆದರೆ ವಿದ್ಯೆ ಅದರಪ್ಪ.

ಅಕ್ಟೋಬರ್ ಬಂದಾಗ ಬೇರೆ ಆಟ

ಅಷ್ಟಕ್ಕೇ ಖುಷಿಪಡುವ ಹಾಗಿಲ್ಲ. ಅದೇ ಬ್ರೂಯರ್ಸ್ ಕತೆಯ ಉತ್ತರಾರ್ಧ ಬೇರೆ. ಲೀಗ್ ಹಂತದಲ್ಲಿ ಡಾಡ್ಜರ್ಸ್ ವಿರುದ್ಧ ಆರು ಪಂದ್ಯ ಆಡಿ ಆರನ್ನೂ ಗೆದ್ದಿದ್ದ ತಂಡವದು. ಅಕ್ಟೋಬರ್‌ನಲ್ಲಿ ಅದೇ ಡಾಡ್ಜರ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತರು. ಪ್ರತಿ ಪಂದ್ಯದಲ್ಲೂ ಅವರಿಗೆ ಸಿಕ್ಕಿದ್ದು ಒಂದೊಂದೇ ರನ್.

ಏನಾಯಿತು? ಲೀಗ್ ಹಂತದಲ್ಲಿ ದಿನಾ ಆಡಬೇಕು, ಹಾಗಾಗಿ ಐದಾರು ಆರಂಭಿಕ ಪಿಚರ್‌ಗಳು ಬೇಕು. ಗಾಯಗಳಾಗುತ್ತವೆ, ಎರಡನೇ ದರ್ಜೆಯವರೂ ಆಡಬೇಕಾಗುತ್ತದೆ. ಅಲ್ಲಿ ಒಟ್ಟಾರೆ ತಂಡ ಚೆನ್ನಾಗಿದ್ದರೆ ಸಾಕು. ಪ್ಲೇಆಫ್‌ನಲ್ಲಿ ನಡುನಡುವೆ ಬಿಡುವು ಸಿಗುತ್ತದೆ, ನಾಲ್ಕು ಒಳ್ಳೆಯ ಪಿಚರ್‌ಗಳಿದ್ದರೆ ದಾಟಿಕೊಳ್ಳಬಹುದು. ಡಾಡ್ಜರ್ಸ್ ಪರ ಆ ನಾಲ್ಕು ಪಂದ್ಯ ಶುರುಮಾಡಿದವರು ಬ್ಲೇಕ್ ಸ್ನೆಲ್, ಯೊಶಿನೊಬು ಯಮಮೊಟೊ, ಟೈಲರ್ ಗ್ಲಾಸ್‌ನೌ ಮತ್ತು ಶೊಹೇ ಒಟಾನಿ. ಈ ನಾಲ್ವರ ಒಪ್ಪಂದಗಳ ಮೊತ್ತ ಕೂಡಿಸಿದರೆ 134 ಕೋಟಿ ಡಾಲರ್ ದಾಟುತ್ತದೆ. ನಾಲ್ಕನೇ ಪಂದ್ಯದಲ್ಲಿ ಒಟಾನಿ ಹತ್ತು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ, ತಾನೇ ಬ್ಯಾಟ್ ಹಿಡಿದು ಮೂರು ಹೋಮ್ ರನ್ ಹೊಡೆದ. ಅಂಥವನನ್ನು ಎದುರಿಸೋದು ಯಾವ ಜಾಣ ಲೆಕ್ಕಾಚಾರಕ್ಕೂ ಕಷ್ಟವೇ.

ಅದೇ ಡಾಡ್ಜರ್ಸ್, ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸೋಲಿಗೆ ಎರಡೇ ಔಟ್ ದೂರದಲ್ಲಿದ್ದರು. ಅಲ್ಲಿಂದ ಸಮ ಮಾಡಿದ್ದು ಮಿಗೆಲ್ ರೋಹಾಸ್ ಹೊಡೆದ ಹೋಮ್ ರನ್. ಅವನು ತಂಡದ ದುಬಾರಿ ತಾರೆಗಳ ಸಾಲಿನವನೇ ಅಲ್ಲ. ಎದುರಾಳಿ ಟೊರಾಂಟೊ ಕೂಡ ಬಡ ತಂಡವೇನಲ್ಲ, ಅದೇ ವರ್ಷ ಒಬ್ಬ ಆಟಗಾರನಿಗೆ 50 ಕೋಟಿ ಡಾಲರ್ ಒಪ್ಪಂದ ಕೊಟ್ಟವರು ಅವರು.

ದೊಡ್ಡ ಚಿತ್ರ ಹೀಗಿದೆ: 2001ರಿಂದ 2024ರವರೆಗೆ ಬೇಸ್‌ಬಾಲ್‌ನಲ್ಲಿ 16 ಬೇರೆ ಬೇರೆ ತಂಡಗಳು ಕಪ್ ಗೆದ್ದಿವೆ. 2003ರಲ್ಲಿ ಇದೇ ಮಾರ್ಲಿನ್ಸ್, ಸಂಬಳದಲ್ಲಿ ತನಗಿಂತ ಮೂರು ಪಟ್ಟು ದೊಡ್ಡದಾಗಿದ್ದ ಯಾಂಕೀಸ್ ತಂಡವನ್ನು ಸೋಲಿಸಿತ್ತು. ಯಾಂಕೀಸ್ ವರ್ಷಾವರ್ಷ ದುಡ್ಡು ಸುರಿದರೂ 2009ರ ನಂತರ ಕಪ್ ಮುಟ್ಟಿಲ್ಲ. ಸಂಬಳಕ್ಕೆ 1994ರಿಂದ ಕಟ್ಟುನಿಟ್ಟಿನ ಮಿತಿ ಇರುವ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅದೇ 24 ಸೀಸನ್‌ಗಳಲ್ಲಿ ಗೆದ್ದ ತಂಡಗಳು 13. ನ್ಯೂ ಇಂಗ್ಲೆಂಡ್ ಒಂದೇ ಆರು ಸಲ ಗೆದ್ದಿದೆ. ಮಿತಿ ಹಾಕಿದರೆ ಕಪ್ ಎಲ್ಲರಿಗೂ ಹಂಚಿಹೋಗುತ್ತದೆ ಅನ್ನೋದಕ್ಕೆ ಈ ಲೆಕ್ಕ ಸಾಕ್ಷಿ ಹೇಳೋದಿಲ್ಲ.

ನನ್ನ ಉತ್ತರ ಇಷ್ಟು: ದುಡ್ಡು ಕಪ್ ಕೊಂಡುಕೊಡಲ್ಲ, ಪ್ಲೇಆಫ್ ಬಾಗಿಲವರೆಗೆ ಮತ್ತೆ ಮತ್ತೆ ಕರೆದುಕೊಂಡು ಹೋಗುತ್ತದೆ. ಬಡ ತಂಡಕ್ಕೆ ಹತ್ತು ವರ್ಷದಲ್ಲಿ ಎರಡು ಅವಕಾಶ ಸಿಕ್ಕರೆ ಶ್ರೀಮಂತ ತಂಡಕ್ಕೆ ಎಂಟು ಸಿಗುತ್ತದೆ. ತಪ್ಪು ಮಾಡಿದರೂ ತಾಳಿಕೊಳ್ಳುವ ಶಕ್ತಿ ಸಿಗುತ್ತದೆ. ಒಬ್ಬ ತಾರೆ ಗಾಯಗೊಂಡರೆ ಇನ್ನೊಬ್ಬನನ್ನು ತರಬಹುದು. ಬಡ ತಂಡಕ್ಕೆ ಒಂದು ದೊಡ್ಡ ಒಪ್ಪಂದ ಕೈಕೊಟ್ಟರೆ ಐದು ವರ್ಷ ಹೋಯಿತು ಅಂತಲೇ ಲೆಕ್ಕ.

'ಮನಿಬಾಲ್' ಹೇಳದೇ ಬಿಟ್ಟ ಅರ್ಧ

ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಹೇಳೋದು 'ಮನಿಬಾಲ್'. ಮೈಕಲ್ ಲೂಯಿಸ್ 2003ರಲ್ಲಿ ಬರೆದ ಪುಸ್ತಕ, 2011ರಲ್ಲಿ ಬ್ರಾಡ್ ಪಿಟ್ ನಟಿಸಿದ ಸಿನಿಮಾ. 2002ರ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ ಸುಮಾರು 4 ಕೋಟಿ ಡಾಲರ್ ಸಂಬಳದಲ್ಲಿ 103 ಪಂದ್ಯ ಗೆದ್ದಿತು. ಮೂರು ಪಟ್ಟು ಖರ್ಚು ಮಾಡಿದ ಯಾಂಕೀಸ್ ಗೆದ್ದದ್ದೂ 103. ವ್ಯವಸ್ಥಾಪಕ ಬಿಲ್ಲಿ ಬೀನ್ ಅಂಕಿಅಂಶ ಬಳಸಿ, ಬೇರೆಯವರು ಕಡೆಗಣಿಸಿದ ಆಟಗಾರರನ್ನು ಅಗ್ಗಕ್ಕೆ ಹಿಡಿದ ಅನ್ನೋದು ಕತೆ. ಸ್ಟಾರ್ಟಪ್ ಮಂದಿ, ಮ್ಯಾನೇಜ್‌ಮೆಂಟ್ ಗುರುಗಳು, ನಮ್ಮ ಐಪಿಎಲ್ ವಿಶ್ಲೇಷಕರು ಎಲ್ಲರಿಗೂ ಅದು ಪಾಠಪುಸ್ತಕ.

ಕತೆ ಸುಳ್ಳಲ್ಲ, ಆದರೆ ಅರ್ಧ. ಆ ತಂಡದ ಮಿಗೆಲ್ ತೆಹಾದಾ ಆ ವರ್ಷ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ. ಬ್ಯಾರಿ ಜೀಟೊ ಆ ಲೀಗ್‌ನ ಅತ್ಯುತ್ತಮ ಪಿಚರ್. ಜೊತೆಗೆ ಟಿಮ್ ಹಡ್ಸನ್, ಮಾರ್ಕ್ ಮಲ್ಡರ್. ಇವರನ್ನು ಯಾರೂ ಕಡೆಗಣಿಸಿರಲಿಲ್ಲ. ಇವರು ಅಗ್ಗವಾಗಿದ್ದದ್ದಕ್ಕೆ ಕಾರಣ ನಿಯಮ.

ಆ ನಿಯಮ ಹೀಗಿದೆ. ಒಬ್ಬ ಆಟಗಾರ ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷ ಸೇವೆ ಮುಗಿಸುವವರೆಗೆ ಬೇರೆ ತಂಡದ ಜೊತೆ ಮಾತಾಡುವ ಹಕ್ಕಿಲ್ಲ. ಮೊದಲ ಮೂರು ವರ್ಷ ಹೆಚ್ಚಿನವರಿಗೆ ಕನಿಷ್ಠ ಸಂಬಳದ ಆಸುಪಾಸು. ಆಮೇಲಿನ ಮೂರು ವರ್ಷ ಮಧ್ಯಸ್ಥಿಕೆದಾರರ ಮುಂದೆ ವಾದ ಮಾಡಿ ಸ್ವಲ್ಪ ಏರಿಸಿಕೊಳ್ಳಬಹುದು. ಆಮೇಲಷ್ಟೇ ಫ್ರೀ ಏಜೆಂಟ್. ಹೆಚ್ಚಿನ ಆಟಗಾರರ ಅತ್ಯುತ್ತಮ ವರ್ಷಗಳು ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತವೆ. ತೆಹಾದಾ, ಜೀಟೊ ಇಬ್ಬರೂ ಸ್ವಾತಂತ್ರ್ಯ ಸಿಕ್ಕ ಕೂಡಲೇ ದುಡ್ಡು ಕೊಡುವ ತಂಡಗಳಿಗೆ ಹೋದರು.

ಇವತ್ತೂ ಹಾಗೇ ಇದೆ. ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ 2025ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್ ಪ್ರಶಸ್ತಿಯನ್ನು ಸರ್ವಾನುಮತದಿಂದ ಪಡೆದ. ಬೋನಸ್ ಬಿಟ್ಟು ಅವನ ಆ ವರ್ಷದ ಸಂಬಳ 10 ಲಕ್ಷ ಡಾಲರ್‌ಗಿಂತ ಕಡಿಮೆ. ಹುವಾನ್ ಸೊಟೊ ತನ್ನ 16ನೇ ವಯಸ್ಸಿನಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಿಂದ 15 ಲಕ್ಷ ಡಾಲರ್‌ಗೆ ಸಹಿ ಹಾಕಿ ಬಂದವನು. ಪೇಪರ್‌ನಲ್ಲಿ ನಾವು ಓದುವುದು 76.5 ಕೋಟಿಯ ಸುದ್ದಿ. ಅದರ ಹಿಂದಿನ ಸಾಲಿನಲ್ಲಿ ನಿಂತವರ ಬಗ್ಗೆ ಸುದ್ದಿ ಬರಲ್ಲ. ಕೆಳ ಹಂತದ ಮೈನರ್ ಲೀಗ್‌ನ ಎ ದರ್ಜೆಯ ಹುಡುಗನಿಗೆ 2022ರವರೆಗೆ ಸಿಗುತ್ತಿದ್ದದ್ದು ಸೀಸನ್‌ಗೆ ಸುಮಾರು 11,000 ಡಾಲರ್. ಅಮೆರಿಕದಲ್ಲಿ ಅದು ಬಾಡಿಗೆಗೂ ಸಾಲದು. 2022ರಲ್ಲಿ ಅವರು ಯೂನಿಯನ್ ಸೇರಿದರು, 2023ರ ಮೊದಲ ಒಪ್ಪಂದದಲ್ಲೇ ಅದು 26,200 ಡಾಲರ್‌ಗೆ ಏರಿತು. ನೂರು ವರ್ಷ ಮಾಲೀಕರಿಗೆ 'ಸಾಧ್ಯವೇ ಇಲ್ಲ'ವಾಗಿದ್ದದ್ದು ಒಂದು ಮಾತುಕತೆಯಲ್ಲಿ ಸಾಧ್ಯವಾಯಿತು.

ಅಂದ್ರೆ 'ಕಡಿಮೆ ದುಡ್ಡಲ್ಲಿ ಜಾಣತನದಿಂದ ಗೆದ್ದರು' ಅಂತ ನಾವು ಚಪ್ಪಾಳೆ ತಟ್ಟುವಾಗ, ಆ ಜಾಣತನದ ಒಂದು ಪಾಲು ಯುವಕರ ದುಡಿಮೆಗೆ ಸರಿಯಾದ ಬೆಲೆ ಕೊಡದೇ ಇರುವುದರಿಂದ ಬಂದದ್ದು. ಸಂಬಳದ ಪಟ್ಟಿ ತಂಡದ ನಿಜವಾದ ಸಾಮರ್ಥ್ಯ ತೋರಿಸೋದಿಲ್ಲ, ಯಾರಿಗೆ ಕೇಳುವ ಹಕ್ಕಿತ್ತು ಅನ್ನೋದನ್ನು ತೋರಿಸುತ್ತದೆ.

ಇಲ್ಲದವರಾ, ಕೊಡದವರಾ?

'ಬಡ ತಂಡ' ಅನ್ನೋ ಪದ ನಾನೂ ಇಲ್ಲಿ ಬಳಸುತ್ತಿದ್ದೇನೆ, ಬೇರೆ ಪದ ಇಲ್ಲದ್ದಕ್ಕೆ. ಆದರೆ ಈ 30 ತಂಡಗಳ ಮಾಲೀಕರಲ್ಲಿ ಬಡವರು ಯಾರೂ ಇಲ್ಲ. ಲೀಗ್‌ನ ವಾರ್ಷಿಕ ಆದಾಯ 1,200 ಕೋಟಿ ಡಾಲರ್ ದಾಟಿದೆ. ರಾಷ್ಟ್ರಮಟ್ಟದ ಟಿವಿ ಹಣ ಎಲ್ಲರಿಗೂ ಸಮಪಾಲು. ಅದರ ಮೇಲೆ ಪ್ರತಿ ತಂಡ ತನ್ನ ಸ್ಥಳೀಯ ಆದಾಯದ ಶೇ. 48ನ್ನು ಒಂದು ನಿಧಿಗೆ ಹಾಕುತ್ತದೆ, ಅದು ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಹೀಗೆ ಬಂದ ಹಣವನ್ನು ತಂಡ ಬಲಪಡಿಸಲು ಬಳಸಬೇಕು ಅಂತ ಒಪ್ಪಂದದಲ್ಲೇ ಬರೆದಿದೆ.

ಬಳಸುತ್ತಾರಾ? ಪಿಟ್ಸ್‌ಬರ್ಗ್ ಪೈರೇಟ್ಸ್ 1993ರಿಂದ 2012ರವರೆಗೆ ಸತತ 20 ಸೀಸನ್ ಗೆಲುವಿಗಿಂತ ಹೆಚ್ಚು ಸೋಲು ಕಂಡಿತು. 2010ರಲ್ಲಿ ತಂಡಗಳ ಹಣಕಾಸು ದಾಖಲೆಗಳು ಸೋರಿಕೆಯಾದವು. ಸೋಲುತ್ತಲೇ ಇದ್ದ 2007, 2008ರಲ್ಲೂ ಪೈರೇಟ್ಸ್ ಲಾಭದಲ್ಲಿತ್ತು ಅಂತ ಆಗ ಗೊತ್ತಾಯಿತು. 2018ರಲ್ಲಿ ಆಟಗಾರರ ಯೂನಿಯನ್, ಹಂಚಿಕೆಯ ಹಣವನ್ನು ತಂಡಕ್ಕೆ ಖರ್ಚು ಮಾಡುತ್ತಿಲ್ಲ ಅಂತ ಪಿಟ್ಸ್‌ಬರ್ಗ್, ಮಯಾಮಿ, ಟ್ಯಾಂಪಾ ಬೇ, ಓಕ್‌ಲ್ಯಾಂಡ್ ತಂಡಗಳ ಮೇಲೆ ದೂರು ಕೊಟ್ಟಿತು.

ಓಕ್‌ಲ್ಯಾಂಡ್ ಗತಿ ಏನಾಯಿತು ಗೊತ್ತಾ? ಮನಿಬಾಲ್ ಊರಿನಲ್ಲಿ ಈಗ ಆ ತಂಡವೇ ಇಲ್ಲ. ಮಾಲೀಕರು ಸಂಬಳ ಇಳಿಸುತ್ತಾ ಬಂದರು, ತಂಡ ಸೋಲುತ್ತಾ ಬಂತು, ಜನ ಮೈದಾನಕ್ಕೆ ಬರೋದು ಬಿಟ್ಟರು, ಆಮೇಲೆ 'ಜನ ಬರುತ್ತಿಲ್ಲ' ಅಂತ ಹೇಳಿ 2024ರ ಸೀಸನ್ ಮುಗಿದ ಮೇಲೆ ಊರೇ ಬಿಟ್ಟರು. ಲಾಸ್ ವೇಗಾಸ್‌ನಲ್ಲಿ ಹೊಸ ಕ್ರೀಡಾಂಗಣಕ್ಕೆ ನೆವಾಡಾ ರಾಜ್ಯ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡಲು 2023ರಲ್ಲೇ ಒಪ್ಪಿತ್ತು. ಆಟಗಾರರಿಗೆ ಕೊಡಲು ದುಡ್ಡಿಲ್ಲ ಅಂದವರಿಗೆ ತೆರಿಗೆದಾರರ ದುಡ್ಡು ಸಿಕ್ಕಿತು. ಸರ್ಕಾರಿ ಶಾಲೆಗೆ ಮಕ್ಕಳು ಬರುತ್ತಿಲ್ಲ ಅಂತ ಮುಚ್ಚುವವರು, ಅದಕ್ಕೂ ಮುಂಚೆ ಮೇಷ್ಟ್ರನ್ನು ಕೊಟ್ಟಿದ್ರಾ ಅಂತ ನಾವು ಕೇಳ್ತೀವಲ್ಲ, ಅದೇ ಪ್ರಶ್ನೆ ಇಲ್ಲೂ ಕೇಳಬೇಕು.

ಮಾಲೀಕರ ಕಡೆಗೆ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಅಂತರ ನಿಜವಾಗಿಯೂ ದೊಡ್ಡದಿದೆ. ಡಾಡ್ಜರ್ಸ್‌ನ ಸ್ಥಳೀಯ ಟಿವಿ ಒಪ್ಪಂದ 25 ವರ್ಷಕ್ಕೆ 835 ಕೋಟಿ ಡಾಲರ್. ಅತ್ತ ಹಲವು ತಂಡಗಳ ಪಂದ್ಯ ತೋರಿಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಕಂಪನಿ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಜಪಾನ್‌ನಿಂದ ಒಟಾನಿ ತರುವ ಜಾಹೀರಾತು ಹಣ ಮಿಲ್ವಾಕಿಗೆ ಯಾವತ್ತೂ ಬರಲ್ಲ. ಅವನ 70 ಕೋಟಿಯಲ್ಲಿ 68 ಕೋಟಿ ಡಾಲರನ್ನು ಮುಂದಿನ ದಶಕಕ್ಕೆ ಮುಂದೂಡಿ ಪಾವತಿಸುವಷ್ಟು ಧೈರ್ಯ ಎಲ್ಲ ತಂಡಗಳಿಗೂ ಇರಲ್ಲ. ಪಿಟ್ಸ್‌ಬರ್ಗ್‌ನ ಅಭಿಮಾನಿಗೆ ಏಪ್ರಿಲ್‌ನಲ್ಲೇ ಸೀಸನ್ ಮುಗಿದಂತೆ ಅನಿಸಿದರೆ ಆ ಬೇಸರ ಸುಳ್ಳಲ್ಲ. ರೋಗ ಇದೆ. ಮಾಲೀಕರು ಬರೆದುಕೊಡುತ್ತಿರುವ ಔಷಧದ ಬಗ್ಗೆ ನನ್ನ ತಕರಾರು.

ಮಿತಿ ಹಾಕಿದರೆ ಉಳಿಯುವ ದುಡ್ಡು ಎಲ್ಲಿಗೆ ಹೋಗುತ್ತೆ?

ಲೀಗ್ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ತಂಡದಿಂದ ತಂಡಕ್ಕೆ ಹೋಗಿ ಆಟಗಾರರಿಗೆ ಆಟದ ಅರ್ಥಶಾಸ್ತ್ರ ಹೇಳುತ್ತಿದ್ದಾರೆ. 2025ರ ಜುಲೈನಲ್ಲಿ ಫಿಲಡೆಲ್ಫಿಯಾ ತಂಡದ ಬ್ರೈಸ್ ಹಾರ್ಪರ್, ಸಂಬಳ ಮಿತಿಯ ಬಗ್ಗೆ ಮಾತಾಡೋದಾದರೆ ನಮ್ಮ ಕೋಣೆಯಿಂದ ಹೊರಗೆ ನಡೀರಿ ಅಂತ ಅವರ ಮುಖಕ್ಕೇ ಹೇಳಿದ್ದು ಸುದ್ದಿಯಾಯಿತು. ಆ ಸಿಟ್ಟಿಗೆ ನೂರು ವರ್ಷದ ಹಿನ್ನೆಲೆ ಇದೆ.

1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇಸ್‌ಬಾಲ್‌ಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸಲ್ಲ ಅಂದಿತು. ಆಟಗಾರ ಒಮ್ಮೆ ಸಹಿ ಹಾಕಿದರೆ ಮುಗೀತು, ಮಾಲೀಕ ಬಿಡುವವರೆಗೆ ಅವನು ಆ ತಂಡದ ಸೊತ್ತು. ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರ, 1969ರಲ್ಲಿ ತನ್ನನ್ನು ಕೇಳದೆ ಬೇರೆ ಊರಿಗೆ ಕೊಟ್ಟದ್ದನ್ನು ಒಪ್ಪದೆ, ಆಮೇಲೆ ಕೋರ್ಟಿಗೆ ಹೋದ. 1972ರಲ್ಲಿ ಸೋತ. ಆಟದ ಬದುಕೂ ಹೋಯಿತು. ಮಾರ್ವಿನ್ ಮಿಲ್ಲರ್ ಕಟ್ಟಿದ ಯೂನಿಯನ್ ಬಿಡಲಿಲ್ಲ, 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆದಾರ ಪೀಟರ್ ಸೈಟ್ಜ್ ಕೊಟ್ಟ ತೀರ್ಪಿನಿಂದ ಆಟಗಾರರಿಗೆ ಬಿಡುಗಡೆ ಸಿಕ್ಕಿತು. 1994ರಲ್ಲಿ ಮಾಲೀಕರು ಸಂಬಳ ಮಿತಿ ಹೇರಲು ಹೊರಟರು. ಮುಷ್ಕರ 232 ದಿನ ನಡೆಯಿತು, ಆ ವರ್ಷದ ವರ್ಲ್ಡ್ ಸೀರೀಸ್ ರದ್ದಾಯಿತು. ಕೊನೆಗೆ ಮಾಲೀಕರ ವಿರುದ್ಧ ತಡೆಯಾಜ್ಞೆ ಕೊಟ್ಟ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ಈಗ ಸುಪ್ರೀಂ ಕೋರ್ಟ್‌ನಲ್ಲಿದ್ದಾರೆ. ಆಗಲೂ ಮಾಲೀಕರ ವಾದ ಇದೇ ಆಗಿತ್ತು: ಸಣ್ಣ ಊರುಗಳ ತಂಡ ಉಳಿಸಬೇಕು.

ಮಿತಿ ಇದ್ದರೆ ಏನಾಗುತ್ತೆ ಅಂತ ತಿಳಿಯಲು ನಾವು ದೂರ ಹೋಗಬೇಕಿಲ್ಲ. ಐಪಿಎಲ್‌ನಲ್ಲಿ ಮೊದಲ ದಿನದಿಂದ ಎಲ್ಲ ತಂಡಗಳಿಗೂ ಒಂದೇ ಪರ್ಸ್. 18 ಸೀಸನ್‌ಗಳಲ್ಲಿ 10 ಕಪ್ ಚೆನ್ನೈ ಮತ್ತು ಮುಂಬೈ ಪಾಲಾಗಿವೆ. ಅದೇ ಪರ್ಸ್ ಹಿಡಿದು ಹರಾಜಿಗೆ ಹೋಗುತ್ತಿದ್ದ ನಮ್ಮ ಆರ್‌ಸಿಬಿ 'ಈ ಸಲ ಕಪ್ ನಮ್ದೇ' ಅಂತ 2025ರವರೆಗೆ ಕಾಯಬೇಕಾಯಿತು. ದುಡ್ಡು ಸಮ ಮಾಡಿದರೂ ಗೆಲುವು ಸಮ ಆಗಲಿಲ್ಲ.

ಸಮ ಆಗಿದ್ದು, ಅಥವಾ ಗಟ್ಟಿಯಾಗಿ ಕಟ್ಟಿಹಾಕಿದ್ದು, ಸಂಬಳವನ್ನು. 2025ರಲ್ಲಿ ಪಂದ್ಯ ಶುಲ್ಕವೂ ಸೇರಿ ಪ್ರತಿ ತಂಡದ ಮಿತಿ 146 ಕೋಟಿ ರೂಪಾಯಿ. ಹತ್ತು ತಂಡಕ್ಕೆ 1,460 ಕೋಟಿ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿಗೆ, ಅಂದ್ರೆ ವರ್ಷಕ್ಕೆ ಸುಮಾರು 9,700 ಕೋಟಿ. ಟಿಕೆಟ್, ಪ್ರಾಯೋಜಕರ ಹಣ ಲೆಕ್ಕಕ್ಕೆ ಹಿಡಿಯದಿದ್ದರೂ ಆಟಗಾರರಿಗೆ ಸಿಗುವುದು ಆರನೇ ಒಂದು ಭಾಗಕ್ಕಿಂತ ಕಡಿಮೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಲೀಗ್‌ಗಳಲ್ಲಿ ಮಿತಿ ಇದ್ದರೂ ಆದಾಯದ ಹತ್ತಿರಹತ್ತಿರ ಅರ್ಧ ಆಟಗಾರರಿಗೆ ಹೋಗುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಯೂನಿಯನ್ ಕೂತು ಚೌಕಾಸಿ ಮಾಡಿದೆ. ನಮ್ಮಲ್ಲಿ ಆಡುತ್ತಿರುವ ಕ್ರಿಕೆಟಿಗರಿಗೆ ಯೂನಿಯನ್ನೇ ಇಲ್ಲ, ಇರುವ ಸಂಘ ನಿವೃತ್ತರದ್ದು. 27 ಕೋಟಿಯ ರಿಷಭ್ ಪಂತ್ ಸುದ್ದಿ ಎಲ್ಲರಿಗೂ ಗೊತ್ತು. 30 ಲಕ್ಷದ ಮೂಲಬೆಲೆಗೆ ಬಂದು ಬೆಂಚಿನ ಮೇಲೆ ಎರಡು ತಿಂಗಳು ಕೂತ ಹುಡುಗನ ಪರ ಮಾತಾಡೋರು ಯಾರು?

'ಲಕ್ಷಾಂತರ ಡಾಲರ್ ತಗೊಳ್ಳೋರ ಪರ ನೀವ್ಯಾಕೆ ಅಳ್ತೀರಿ' ಅಂತ ಕೇಳಬಹುದು. ಮೇಜರ್ ಲೀಗ್‌ನ ಕನಿಷ್ಠ ಸಂಬಳವೇ 2025ರಲ್ಲಿ 7.6 ಲಕ್ಷ ಡಾಲರ್ ಇತ್ತು, ನಿಜ. ಆದರೆ ಆಟಗಾರ ಬಿಟ್ಟ ದುಡ್ಡು ಟಿಕೆಟ್ ಅಗ್ಗ ಮಾಡೋದಕ್ಕೆ ಹೋಗಲ್ಲ, ಮೈದಾನದಲ್ಲಿ ಕಡಲೆಕಾಯಿ ಮಾರುವವನ ಜೇಬಿಗೂ ಹೋಗಲ್ಲ. ಮಾಲೀಕನ ಲಾಭಕ್ಕೆ ಹೋಗುತ್ತದೆ, ತಂಡದ ಮಾರುಕಟ್ಟೆ ಬೆಲೆಗೆ ಸೇರುತ್ತದೆ. ಡಾಡ್ಜರ್ಸ್ ತಂಡವನ್ನು 2012ರಲ್ಲಿ ಸುಮಾರು 200 ಕೋಟಿ ಡಾಲರ್‌ಗೆ ಕೊಂಡವರು ಇವತ್ತು ಮಾರಿದರೆ ಅದರ ಮೂರು ಪಟ್ಟಿಗೂ ಹೆಚ್ಚು ಬರುತ್ತದೆ. ಆ ಏರಿಕೆಗೆ ಮಿತಿ ಹಾಕಿ ಅಂತ ಯಾರೂ ಕೇಳುತ್ತಿಲ್ಲ.

ಹಾಗಾದ್ರೆ ಏನು ಮಾಡಬೇಕು?

ಸಮಾನತೆಯೇ ಗುರಿಯಾದರೆ ದಾರಿಗಳಿವೆ. ಒಂದು, ಸ್ಥಳೀಯ ಟಿವಿ ಹಣವನ್ನು ಇನ್ನೂ ಹೆಚ್ಚು ಹಂಚಿಕೊಳ್ಳಿ. ಡಾಡ್ಜರ್ಸ್ ಆಡಲು ಎದುರಿಗೆ ಇನ್ನೊಂದು ತಂಡ ಬೇಕಲ್ಲ, ಆ ಪ್ರಸಾರದ ಹಣ ಒಬ್ಬರದೇ ಹೇಗಾಗುತ್ತೆ? ಎರಡು, ಹಂಚಿಕೆಯ ಹಣ ಪಡೆಯುವ ತಂಡ ಇಷ್ಟಾದರೂ ಸಂಬಳಕ್ಕೆ ಖರ್ಚು ಮಾಡಲೇಬೇಕು ಅಂತ ಕೆಳಮಿತಿ ಹಾಕಿ. ಮೂರು, ಆರು ವರ್ಷದ ಕಾಯುವಿಕೆ ಕಡಿಮೆ ಮಾಡಿ, ಯುವ ಆಟಗಾರರಿಗೆ ಬೇಗ ಬೆಲೆ ಕೊಡಿ.

ಮೂರನೆಯದು ಬಂದರೆ ಮಿಲ್ವಾಕಿಯಂಥ ಜಾಣ ತಂಡಗಳಿಗೆ ಕಷ್ಟವಾಗುತ್ತದೆ ಅನ್ನೋದು ನಿಜ. ಅಗ್ಗದ ಹುಡುಗರೇ ಅವರ ಬಂಡವಾಳ. ಅದಕ್ಕೇ ಮೊದಲ ಎರಡೂ ಜೊತೆಗೇ ಬರಬೇಕು. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ಶ್ರೀಮಂತ ತಂಡಕ್ಕೇ ಅನುಕೂಲ.

ಡಿಸೆಂಬರ್ 1 ದಾಟಿದ ಮೇಲೆ ಲಾಕೌಟ್ ಆದರೆ, 2021-22ರಲ್ಲಿ 99 ದಿನ ನಡೆದ ಹಾಗೆ, ಎಲ್ಲ ಕಡೆ ಒಂದೇ ಮಾತು ಕೇಳಿಬರುತ್ತದೆ: ಕೋಟ್ಯಧಿಪತಿಗಳ ಜೊತೆ ಲಕ್ಷಾಧಿಪತಿಗಳ ಜಗಳ, ನಮಗೇನು? ಆಗ ಎರಡು ಲೆಕ್ಕ ನೆನಪಿಟ್ಟುಕೊಳ್ಳಿ. ಒಂದೇ ಸಂಬಳದಲ್ಲಿ ಮಿಲ್ವಾಕಿ 97 ಗೆದ್ದದ್ದು, ಕೊಲರಾಡೊ 119 ಸೋತದ್ದು. ಸಂಘಟಿತರಾದ ಒಂದೇ ವರ್ಷದಲ್ಲಿ ಮೈನರ್ ಲೀಗ್ ಹುಡುಗನ ಸಂಬಳ 11,000ದಿಂದ 26,200 ಡಾಲರ್ ಆದದ್ದು. ಗೆಲುವನ್ನು ಸಂಬಳ ಎಷ್ಟು ನಿರ್ಧರಿಸುತ್ತೆ ಅನ್ನೋ ಚರ್ಚೆ ಮುಂದುವರಿಯಲಿ. ಸಂಬಳವನ್ನು ಯಾರು ನಿರ್ಧರಿಸ್ತಾರೆ ಅನ್ನೋದು ಮಾತ್ರ ಮೈದಾನದಲ್ಲಿ ತೀರ್ಮಾನ ಆಗೋದಿಲ್ಲ.